ತೋಟಾ ಮೊದಲು, ಕೋವಿ ಆಮೇಲೆ: ಗುರಿಗೆ ಸಿಂಗಲ್ ಶಾಟ್ ರೈಫಲ್ ತಗೊಳ್ಳುವವರು ಬೋರು ಆರಿಸುವುದು ಹೇಗೆ

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ಮೇಲೆ ಒಂದು ವಾರ ನನ್ನ ಫೋನಿಗೆ ಬಿಡುವಿಲ್ಲ. ಅಷ್ಟೊತ್ತಿಗೆ ನಾಟಿ ಮುಗಿದಿರುತ್ತದೆ. ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಆಗಿರುತ್ತದೆ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಆಗಿರುತ್ತದೆ. ಕಾಯಿ ತಪ್ಪಿದವರೆಲ್ಲ ಕೇಳುವುದು ಒಂದೇ. 'ಗುರಿಗೆ ಅಂತಲೇ ಒಂದು ಸಿಂಗಲ್ ಶಾಟ್ ರೈಫಲ್ ತಗೊಳ್ಳೋಣ ಅಂತಿದ್ದೀನಿ. ಯಾವ ಬೋರು ಒಳ್ಳೇದು?' ಸಿಂಗಲ್ ಶಾಟ್ ಅಂದರೆ ಒಮ್ಮೆಗೆ ಒಂದೇ ತೋಟಾ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಹಾಕಿ ಹೊಡೆಯುವ ಕೋವಿ. ಬೋರು ಅಂದರೆ ಅದರ ನಳಿಗೆಗೆ ಹೊಂದುವ ತೋಟಾದ ಅಳತೆ.

ಈ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ವರ್ಷಗಳ ಹಿಂದೆ ಪರಿಚಯದವರೊಬ್ಬರ ಮನೆಯಲ್ಲಿ .22 ಹಾರ್ನೆಟ್ ಬೋರಿನ ಹಳೇ ಒಂಟಿ ತೋಟಾದ ರೈಫಲ್ ನೋಡಿದೆ. ಲಿವರ್ ಎಳೆದರೆ ಬೆಣ್ಣೆಯ ಹಾಗೆ ತೆರೆದುಕೊಳ್ಳುತ್ತಿತ್ತು. ಕೋವಿಯ ಮರದ ಹಿಡಿಯ ಕೆಲಸ ನೋಡುತ್ತಾ ನಿಂತುಬಿಟ್ಟೆ. ಕಾಗದಪತ್ರ ಎಲ್ಲ ಮಾಡಿಸಿ ತಂದೆ. ಅದರ ಜೊತೆ ಬಂದದ್ದು 37 ತೋಟಾ. ಆ 37 ಮುಗಿದ ಮೇಲೆ ಮೈಸೂರು, ಬೆಂಗಳೂರು ಎಲ್ಲ ತಿರುಗಿದೆ, ಒಂದೂ ಸಿಗಲಿಲ್ಲ. ಈಗಲೂ ಅದು ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ಹೊರಗೆ ಬಂದು ಹೂ ಮುಡಿದು ಒಳಗೆ ಹೋಗುತ್ತದೆ, ಅಷ್ಟೇ.

ಹಾಗಾಗಿ ಈ ಲೇಖನದಲ್ಲಿ ರೈಫಲ್ ಕೊನೆಗೆ ಬರುತ್ತದೆ.

ಮೊದಲು ಟೇಪು ಹಿಡಿದು ಅಳೆಯಿರಿ

ಎಲ್ಲಿ ನಿಂತು ಹೊಡೆಯುತ್ತೀರಿ, ಗುರಿ ಎಷ್ಟು ದೂರ, ಗುರಿಯ ಹಿಂದೆ ಏನಿದೆ? ಈ ಮೂರಕ್ಕೆ ಉತ್ತರ ಸಿಗದೆ ಬೋರಿನ ಮಾತು ಎತ್ತಬೇಡಿ.

ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವ ಜಾಗ 50 ಮೀಟರ್. ಗದ್ದೆ ಬಯಲಿದ್ದರೆ 100 ಆಗಬಹುದು. ಅದಕ್ಕಿಂತ ಹೆಚ್ಚು ಅಂದರೆ ಈ ಗುಡ್ಡ, ಕಾಫಿ ಗಿಡ, ಸಿಲ್ವರ್ ಮರಗಳ ಮಧ್ಯೆ ನೇರ ನೋಟವೇ ಸಿಗುವುದಿಲ್ಲ. 300 ಮೀಟರ್ ರೈಫಲ್ ತಂದು 50 ಮೀಟರ್‌ನಲ್ಲಿ ಹೊಡೆಯುವುದು, ಅಂಗಡಿಗೆ ಹೋಗಿ ಬರಲು ಲಾರಿ ತಗೊಂಡ ಹಾಗೆ.

ಗುರಿಯ ಹಿಂದೆ ಮಣ್ಣಿನ ಬರೆ, ಅಂದರೆ ದಿಬ್ಬ, ಇರಲೇಬೇಕು. ಕಲ್ಲಿಲ್ಲದ, ಎದೆಗಿಂತ ಎತ್ತರದ, ಗುಂಡು ಹೊಕ್ಕು ನಿಲ್ಲುವಂಥ ಬರೆ. ಪುಟ್ಟ .22 ಗುಂಡು ಕೂಡ ತಡೆ ಇಲ್ಲದಿದ್ದರೆ ಒಂದು ಮೈಲಿಗೂ ಹೆಚ್ಚು ಹೋಗುತ್ತದೆ. ತೋಟದ ಆಚೆ ಕೆಲಸಗಾರರ ಲೈನ್ ಮನೆಗಳಿವೆ, ಕಾಳುಮೆಣಸು ಕುಯ್ಯುವವರು ಏಣಿ ಮೇಲೆ ಇರುತ್ತಾರೆ. ಒಳ್ಳೇ ಬರೆ ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ, ರೇಂಜಿಗೆ ಹೋಗಿ.

ಗುರಿ ಯಾವುದು ಅನ್ನುವುದೂ ಮುಖ್ಯ. ಸುಲಿದ ತೆಂಗಿನಕಾಯಿ ಹತ್ತು ಹನ್ನೆರಡು ಸೆಂಟಿಮೀಟರ್ ಅಗಲ. 50 ಮೀಟರ್ ರೈಫಲ್ ಸ್ಪರ್ಧೆಯ ಅಂತಾರಾಷ್ಟ್ರೀಯ ಕಾಗದದಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್, ಅಂದರೆ ಕಿರುಬೆರಳ ಉಗುರಿನಷ್ಟು. ಕಾಯಿ ಹೊಡೆಯಲು ಯಾವ ಸುಮಾರಾದ .22 ಆದರೂ ಸಾಕು. ತಪ್ಪಿದರೆ ತಪ್ಪು ಕೈಯದು, ಬೋರಿನದಲ್ಲ. ಈ ಮಾತು ಕೇಳಿ ಫೋನ್ ಇಟ್ಟವರೂ ಇದ್ದಾರೆ. ಕಾಗದಕ್ಕೆ ಹೊಡೆಯುವ ಆಸೆ ಇದ್ದವರಿಗೆ ಮಾತ್ರ ಮುಂದಿನ ಲೆಕ್ಕ ಎಲ್ಲ.

ಕಾನೂನಿನ ಬಾಗಿಲು ಎಷ್ಟು ತೆರೆದಿದೆ

'ನಮಗೆ ಲೈಸೆನ್ಸೇ ಬೇಡ ಅಲ್ವಾ?' ಅಂತ ಕೇಳುವವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು, 1861ರಷ್ಟು ಹಿಂದಿನದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು 1959ರ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ ಸಿಕ್ಕ ವಿನಾಯಿತಿ. ಇಟ್ಟುಕೊಳ್ಳುವುದು, ಒಯ್ಯುವುದು, ಅಷ್ಟಕ್ಕೆ. ತೋಟಾ ತಯಾರಿಕೆಗೆ ಪರವಾನಗಿ ಬೇಕು ಅನ್ನುವ 5ನೇ ಸೆಕ್ಷನ್, ನಿಷೇಧಿತ ಬೋರಿನ 7ನೇ ಸೆಕ್ಷನ್, ಆಮದಿನ 10ನೇ ಸೆಕ್ಷನ್ ನಮಗೂ ಹಾಗೇ ಇವೆ. ವಿನಾಯಿತಿ ಪತ್ರವೂ ಕೈಯಲ್ಲಿರಬೇಕು.

ಇದಕ್ಕೂ ಬೋರಿಗೂ ಏನು ಸಂಬಂಧ? ಸಂಬಂಧ ಇರುವುದೇ ಇಲ್ಲಿ. ಅಮೆರಿಕದ ಗುರಿಕಾರರು ಸಿಂಗಲ್ ಶಾಟ್ ರೈಫಲ್‌ಗೆ ಬೋರು ಆರಿಸುವಾಗ, ಖಾಲಿ ಕೇಸಿಗೆ (ಹೊಡೆದ ಮೇಲೆ ಉಳಿಯುವ ತೋಟಾದ ಕೊಳವೆ) ಮತ್ತೆ ಮದ್ದು ತುಂಬುವ ಧೈರ್ಯದ ಮೇಲೆ ಆರಿಸುತ್ತಾರೆ. ಅಂಗಡಿಯಲ್ಲಿ ಸಿಗದ ತೋಟಾವನ್ನು ಮನೆಯ ಮೇಜಿನ ಮೇಲೇ ಮಾಡಿಕೊಳ್ಳುತ್ತಾರೆ. ನಾವು ಪರವಾನಗಿ ಇಲ್ಲದೆ ಹಾಗೆ ಮಾಡುವಂತಿಲ್ಲ. ಅವರ ವಿಡಿಯೋ ನೋಡಿ '6ಎಂಎಂ ಪಿಪಿಸಿ ಬೇಕು' ಅಂತ ಆಸೆಪಟ್ಟರೆ ನನ್ನ ಹಾರ್ನೆಟ್ ಕತೆಯೇ ನಿಮ್ಮದೂ.

ಸೇನೆಯ ತೋಟಾ ಹೋಗುವ ಬೋರು ನಿಷೇಧಿತ ವರ್ಗಕ್ಕೆ ಬೀಳುತ್ತದೆ. ತ್ರೀ ನಾಟ್ ತ್ರೀ (.303) ಅದಕ್ಕೇ ಸಾಮಾನ್ಯರ ಕೈಗೆ ಸಿಗುವುದಿಲ್ಲ. .308 ಮತ್ತು .223 ಸೇನೆಯ 7.62 ಮತ್ತು 5.56ರ ಸೋದರರು. ಯಾರಾದರೂ ಇವನ್ನು ಮಾರಲು ಬಂದರೆ, ಮುಂಗಡ ಕೊಡುವ ಮೊದಲು ಡಿಸಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತಗೊಳ್ಳಿ. ಬಾಯಿಮಾತು ಬೇಡ. ಲೈಸೆನ್ಸ್ ಮೇಲೆ ಕೋವಿ ಇಟ್ಟವರು ಇನ್ನೊಂದು ನೆನಪಿಡಿ. 2019ರ ತಿದ್ದುಪಡಿ ಒಬ್ಬರಿಗೆ 3 ಇದ್ದದ್ದನ್ನು 2ಕ್ಕೆ ಇಳಿಸಿದೆ. ಅಜ್ಜನ ಜೋಡುನಳಿಗೆ ಒಂದು ಜಾಗ ಹಿಡಿದಿದ್ದರೆ ನಿಮಗೆ ಉಳಿದಿರುವುದು ಒಂದೇ. ಅದನ್ನು ತಪ್ಪು ಬೋರಿಗೆ ಕಳೆಯಬೇಡಿ. ರಾಷ್ಟ್ರೀಯ ರೈಫಲ್ ಸಂಘದ ದಾರಿಯಲ್ಲಿ ಹೋಗುವ ಕ್ರೀಡಾಪಟುಗಳಿಗೆ ಬೇರೆ ನಿಯಮಗಳಿವೆ. ಮಕ್ಕಳು ಸ್ಪರ್ಧೆಗೆ ಹೋಗುವವರಾದರೆ ಆ ದಾರಿಯನ್ನೇ ಮೊದಲು ವಿಚಾರಿಸಿ.

ತೋಟಾ ಅಂಗಡಿಗೆ ಹೋಗಿ, ಕೋವಿ ನೋಡಬೇಡಿ

ಒಂದು ಚೀಟಿ ತಗೊಂಡು ಹೋಗಿ. ನಿಮ್ಮ ಊರಿಗೆ ಹತ್ತಿರದ ಎರಡು ಮೂರು ಮದ್ದುಗುಂಡಿನ ಅಂಗಡಿಗಳಲ್ಲಿ ಇದನ್ನೇ ಕೇಳಿ: ಈಗ ಕೈಯಲ್ಲಿ ಯಾವ ಬೋರಿನ ತೋಟಾ ಇದೆ? ಹೋದ ವರ್ಷ ಎಷ್ಟು ಸಲ ಬಂತು? ಒಂದೇ ಲಾಟಿನ (ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ) ಹತ್ತು ಬಾಕ್ಸ್ ಕೊಡಬಲ್ಲಿರಾ? ಮಾರಾಟದ ಉತ್ಸಾಹದಲ್ಲಿ 'ತರಿಸಿ ಕೊಡೋಣ' ಅನ್ನುತ್ತಾರೆ. ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಪಾಟಿನಲ್ಲಿ ಇರುವುದು ಮಾತ್ರ ಲೆಕ್ಕ.

ಚೀಟಿಯಲ್ಲಿ ಬಹುಶಃ ಉಳಿಯುವುದು ಇಷ್ಟು: .22 ಎಲ್‌ಆರ್ (ಲಾಂಗ್ ರೈಫಲ್), .315, ಅದೃಷ್ಟ ಇದ್ದರೆ .30-06. ಛರ್ರೆ ಕೋವಿಯ ಟ್ವೆಲ್ವ್ ಬೋರ್ ಹೇಗೂ ಇರುತ್ತದೆ, ಅದು ನಮಗಿಲ್ಲಿ ಬೇಡ.

ವರ್ಷಕ್ಕೆ ಎಷ್ಟು ಗುಂಡು ಹೊಡೆಯುತ್ತೀರಿ ಅಂತಲೂ ಅದೇ ಚೀಟಿಯಲ್ಲಿ ಬರೆಯಿರಿ. ಗುರಿ ಸುಧಾರಿಸಬೇಕಾದರೆ ತಿಂಗಳಿಗೆ ಐವತ್ತು ನೂರಾದರೂ ಬೇಕು. ಅದನ್ನು ಒಂದು ತೋಟಾದ ಬೆಲೆಯಿಂದ ಗುಣಿಸಿ. ದೊಡ್ಡ ಬೋರಿನ ಮೋಹ ಅರ್ಧ ಜನರಿಗೆ ಇಲ್ಲೇ ಇಳಿಯುತ್ತದೆ.

ರಿಮ್ ನೋಡಿ

ಇನ್ನು ಸ್ವಲ್ಪ ಯಂತ್ರದ ಮಾತು. ತೋಟಾದ ಬುಡದಲ್ಲಿ ಹೊರಗೆ ಚಾಚಿದ ಅಂಚಿದ್ದರೆ ಅದು ರಿಮ್ ಇರುವ ತೋಟಾ. .22 ಎಲ್‌ಆರ್, .22 ಹಾರ್ನೆಟ್, .315, ಹಳೇ .30-30, ಇವೆಲ್ಲ ಆ ಜಾತಿ. .223, .308, .30-06ಗಳಿಗೆ ಹಾಗೆ ಚಾಚಿದ ಅಂಚಿಲ್ಲ. ಬುಡದಲ್ಲಿ ಒಂದು ಕಚ್ಚು ಅಷ್ಟೇ.

ಹಲವು ತೋಟಾ ತುಂಬಿಡುವ ಮ್ಯಾಗಜೀನ್ ಇರುವ ಕೋವಿಗೆ ರಿಮ್ ಒಂದು ತಲೆನೋವು. ಒಂದರ ರಿಮ್ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಂಗಲ್ ಶಾಟ್‌ನಲ್ಲಿ ಅದೇ ವರ. ರಿಮ್ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಬಾಯಿಗೆ ತಾಗಿ ನಿಲ್ಲುವುದರಿಂದ ತೋಟಾ ಎಷ್ಟು ಒಳಗೆ ಹೋಗಬೇಕೋ ಅಷ್ಟೇ ಹೋಗುತ್ತದೆ. ಹೊರಗೆ ಎಳೆಯುವ ಕೊಕ್ಕೆಗೆ ಹಿಡಿಯಲು ಗಟ್ಟಿ ಅಂಚು ಸಿಗುತ್ತದೆ. ಲಿವರ್ ಎಳೆದು ತೆರೆಯುವ ಮಾರ್ಟಿನಿಯಂಥ ಕೋವಿಗಳಿಗೆ ಖಾಲಿ ಕೇಸನ್ನು ಹೊರಗೆ ಕೀಳುವ ಶಕ್ತಿ ಕಮ್ಮಿ. ಹಿಡಿ ಎತ್ತಿ ಹಿಂದಕ್ಕೆ ಎಳೆಯುವ ಬೋಲ್ಟ್ ರೈಫಲ್‌ನಲ್ಲಿ ಹಿಡಿ ಎತ್ತುವಾಗಲೇ ಕೇಸು ಸಡಿಲವಾಗುತ್ತದೆ. ಲಿವರ್ ಕೋವಿಯಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಲಿವರ್ ಸಿಂಗಲ್ ಶಾಟ್ ತಗೊಳ್ಳುವುದಾದರೆ ರಿಮ್ ಇರುವ, ಒತ್ತಡ ಕಮ್ಮಿ ಇರುವ ಬೋರು ನೋಡಿ. ಬೋಲ್ಟ್ ಸಿಂಗಲ್ ಶಾಟ್ ಆದರೆ ಈ ಚಿಂತೆ ಬೇಡ.

ಮ್ಯಾಗಜೀನ್ ರೈಫಲ್‌ಗೆ ಒಂದೊಂದೇ ತೋಟಾ ಹಾಕಿ ಹೊಡೆದರೆ ಸಾಲದೇ ಅಂತ ಕೇಳುತ್ತಾರೆ. ಸಾಕು, ಖಂಡಿತ ಸಾಕು. ಆದರೆ ಸಿಂಗಲ್ ಶಾಟ್‌ನ ದೇಹದಲ್ಲಿ ಮ್ಯಾಗಜೀನಿಗಾಗಿ ಕೊರೆದ ತೂತಿಲ್ಲ, ಹೆಚ್ಚು ಗಟ್ಟಿ. ಜೊತೆಗೆ ಒಂದೇ ಗುಂಡು ಇದೆ ಅಂತ ಗೊತ್ತಿದ್ದರೆ ಉಸಿರು ತಾನಾಗಿ ನಿಧಾನ ಆಗುತ್ತದೆ.

ನನ್ನ ಉತ್ತರ .22. ಆದರೆ ಯಾವ .22?

ಹತ್ತರಲ್ಲಿ ಎಂಟು ಜನಕ್ಕೆ ನಾನು ಹೇಳುವುದು .22 ಲಾಂಗ್ ರೈಫಲ್. 1887ರಿಂದ ಇರುವ ತೋಟಾ. ಇವತ್ತಿಗೂ 50 ಮೀಟರ್ ಒಲಿಂಪಿಕ್ ರೈಫಲ್ ಸ್ಪರ್ಧೆ ನಡೆಯುವುದು ಇದರಲ್ಲೇ, ಅದೂ ಸಿಂಗಲ್ ಶಾಟ್ ರೈಫಲ್‌ನಲ್ಲೇ. ಒದೆತ ಇಲ್ಲ ಅನ್ನಬಹುದು. ನಳಿಗೆ ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಪಕ್ಕದ ಮನೆ ನಾಯಿ ಹೆದರಿ ಓಡುವಷ್ಟು ಸದ್ದೂ ಇಲ್ಲ.

ಮೊದಲು ನಳಿಗೆಯ ಮೇಲೆ ಏನು ಕೊರೆದಿದೆ ಅಂತ ಓದಿ. .22 ಎಲ್‌ಆರ್ ಬೇರೆ, .22 ಮ್ಯಾಗ್ನಮ್ ಬೇರೆ. ಮ್ಯಾಗ್ನಮ್ ತೋಟಾ ದಪ್ಪ, ಉದ್ದ. ಮ್ಯಾಗ್ನಮ್ ಚೇಂಬರಿಗೆ ಎಲ್‌ಆರ್ ಹಾಕಿದರೆ ಒಳಗೆ ಹೋಗುತ್ತದೆ, ಹೊಡೆದಾಗ ಕೇಸು ಉಬ್ಬಿ ಒಡೆಯುತ್ತದೆ. ಗುರಿಗೆ ಮ್ಯಾಗ್ನಮ್ ಬೇಡವೇ ಬೇಡ, ದುಡ್ಡೂ ಜಾಸ್ತಿ, ಗುರಿಗೆಂದೇ ಮಾಡಿದ ತೋಟಾವೂ ಇಲ್ಲ ಅನ್ನುವಷ್ಟು ಕಮ್ಮಿ.

ಆಮೇಲೆ ವೇಗ. ಅಂಗಡಿಯವರು 'ಹೈ ವೆಲಾಸಿಟಿ ಇದೆ ಸಾರ್, ಪವರ್ ಜಾಸ್ತಿ' ಅನ್ನುತ್ತಾರೆ. ಗುರಿಗೆ ಅದು ಬೇಡ. ಸ್ಟ್ಯಾಂಡರ್ಡ್ ವೆಲಾಸಿಟಿಯ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗ ಸುಮಾರು 340. ಹೈ ವೆಲಾಸಿಟಿ 380ರ ಆಸುಪಾಸು ಹೊರಟು, ದಾರಿ ಮಧ್ಯೆ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆ ಗಡಿ ದಾಟುವಾಗ ಗುಂಡು ಅಲುಗಾಡುತ್ತದೆ. ಜೊತೆಗೆ ಒಂದು ವಿಚಿತ್ರ ಇದೆ. ಅಡ್ಡಗಾಳಿಯಲ್ಲಿ ವೇಗದ ಗುಂಡೇ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ! ಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಅನ್ನುವುದು ಅದು ಹಾರಿದ ಹೊತ್ತಿನ ಮೇಲೆ ನಿಂತಿಲ್ಲ, ಗಾಳಿಯ ತಡೆಯಿಂದ ದಾರಿಯಲ್ಲಿ ಎಷ್ಟು ಹೊತ್ತು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ತುಂಬಾ ಜಾಸ್ತಿ, ವೇಗದ ಗುಂಡು ಅಲ್ಲೇ ಸೋಲುತ್ತದೆ. ನನಗೂ ಇದು ಮೊದಲು ನಂಬಿಕೆ ಆಗಿರಲಿಲ್ಲ. ಗದ್ದೆ ಬಯಲಲ್ಲಿ ಪಡುವಣ ಗಾಳಿ ಬೀಸುವಾಗ ಎರಡೂ ಹೊಡೆದು ನೋಡಿದ ಮೇಲೆ ಒಪ್ಪಿಕೊಂಡೆ.

50 ಮೀಟರ್‌ಗೆ ಸೈಟ್ ಕೂರಿಸಿದ .22, 100 ಮೀಟರ್‌ನಲ್ಲಿ ಗೇಣಿಗೆ ಒಂದೆರಡು ಬೆರಳು ಕಮ್ಮಿ ಅನ್ನುವಷ್ಟು ಕೆಳಗೆ ಬೀಳುತ್ತದೆ. ಇಳಿಜಾರಿನ ತೋಟದಲ್ಲಿ ಹೊಡೆಯುವವರಿಗೆ ಇನ್ನೊಂದು ಲೆಕ್ಕ. 30 ಡಿಗ್ರಿ ಕೆಳಮುಖವಾಗಿ 50 ಮೀಟರ್ ಅಂದರೆ ನೆಲದ ಲೆಕ್ಕದಲ್ಲಿ 43 ಮೀಟರ್ ಮಾತ್ರ. ಗುಂಡು ಒಂದೂವರೆ ಸೆಂಟಿಮೀಟರ್‌ನಷ್ಟು ಮೇಲೆ ಬೀಳುತ್ತದೆ. ಮೇಲ್ಮುಖವಾಗಿ ಹೊಡೆದರೂ ಅಷ್ಟೇ. ತೆಂಗಿನಕಾಯಿಗೆ ಅದು ಏನೂ ಅಲ್ಲ, ಕಾಗದದಲ್ಲಿ ಹತ್ತು ಹೋಗಿ ಎಂಟೋ ಒಂಬತ್ತೋ ಆಗುತ್ತದೆ.

ಇನ್ನು ಚೇಂಬರ್. ಒಂದೇ .22 ಎಲ್‌ಆರ್‌ಗೂ ಸಾಮಾನ್ಯ ಚೇಂಬರ್, ಮ್ಯಾಚ್ ಚೇಂಬರ್ ಅಂತ ಎರಡು ಬಗೆ ಇದೆ. ಸಾಮಾನ್ಯದ್ದು ಸಡಿಲ, ಯಾವ ತೋಟಾ ಹಾಕಿದರೂ ಜಾರಿಕೊಂಡು ಹೋಗುತ್ತದೆ. ಮ್ಯಾಚ್ ಚೇಂಬರಿನಲ್ಲಿ ತೋಟಾ ಕೊನೆಗೆ ಸ್ವಲ್ಪ ಬಿಗಿಯಾಗಿ, ಗುಂಡು ನಳಿಗೆಯ ಸುರುಳಿ ಗೆರೆಗೆ ತಾಗುವ ಹಾಗೆ ಕೂರುತ್ತದೆ. ಹೊಡೆಯದ ತೋಟಾ ಹೊರಗೆ ತೆಗೆದು ನೋಡಿ, ಸೀಸದ ಮೇಲೆ ಸಣ್ಣ ಗೆರೆಗಳ ಗುರುತು ಇರುತ್ತದೆ. ಸಿಂಗಲ್ ಶಾಟ್‌ನಲ್ಲಿ ಹೆಬ್ಬೆರಳಿನಿಂದಲೇ ತಳ್ಳಿ ಕೂರಿಸುವುದರಿಂದ ಬಿಗಿ ಇದ್ದರೂ ತೊಂದರೆ ಇಲ್ಲ. ಸಿಕ್ಕರೆ ಇದನ್ನೇ ತಗೊಳ್ಳಿ.

ಲಾಟ್ ಪರೀಕ್ಷೆ

ಪ್ರತಿ .22 ನಳಿಗೆಗೂ ಒಂದು ನಾಲಿಗೆ ಇದೆ. ಒಂದಕ್ಕೆ ಹಿಡಿಸಿದ ತೋಟಾ ಪಕ್ಕದ್ದಕ್ಕೆ ಹಿಡಿಸುವುದಿಲ್ಲ, ಒಂದೇ ಕಂಪನಿಯ ಒಂದೇ ಮಾದರಿ ಆದರೂ. ಬಾಕ್ಸಿನ ಮೇಲೆ ಮುದ್ರಿಸಿದ ಲಾಟ್ ನಂಬರ್ ಬದಲಾದರೆ ಗುರಿಯೂ ಬದಲಾಗಬಹುದು.

ಸಿಗುವ ಮೂರ್ನಾಲ್ಕು ಬಗೆಯಲ್ಲಿ ಒಂದೊಂದು ಬಾಕ್ಸ್ ತನ್ನಿ. ಗಾಳಿ ಇಲ್ಲದ ಬೆಳಗ್ಗೆ ನೋಡಿಕೊಳ್ಳಿ. ನವೆಂಬರ್ ಕಳೆದ ಮೇಲೆ ನಮ್ಮಲ್ಲಿ ಮಂಜು ಕರಗಿದ ಕೂಡಲೇ ಒಂದು ಗಂಟೆ ಎಲೆ ಅಲುಗಾಡುವುದಿಲ್ಲ, ಆ ಹೊತ್ತು. ಮೇಜಿನ ಮೇಲೆ ಮರಳು ಚೀಲ ಇಟ್ಟು ಕೋವಿ ಊರಿ. ಬಗೆ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡು ಸುಮ್ನೆ ಬರೆಗೆ ಹೊಡೆಯಿರಿ. ಗುಂಡಿನ ಮೇಲಿನ ಮೇಣ ಒಂದೊಂದು ಕಂಪನಿಯದು ಒಂದೊಂದು ಥರ. ಹಳೇ ಮೇಣ ಹೋಗಿ ಹೊಸದು ನಳಿಗೆಗೆ ಹಿಡಿಯಬೇಕು. ಆಮೇಲೆ ಐದೈದು ಗುಂಡಿನ ನಾಲ್ಕು ಗುಂಪು. ಪ್ರತಿ ಗುಂಪಿನಲ್ಲೂ ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದು ಬರೆಯಿರಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಅತಿ ಒಳ್ಳೆಯ ಒಂದು ಗುಂಪಿನ ಫೋಟೋ ತೆಗೆದು ಎಲ್ಲರಿಗೂ ಕಳಿಸುವುದು. ನಾಲ್ಕರ ಸರಾಸರಿ ನೋಡಿ. ನಾಲ್ಕರಲ್ಲಿ ಕೆಟ್ಟದ್ದನ್ನು ಇನ್ನೂ ಗಮನವಿಟ್ಟು ನೋಡಿ, ಸ್ಪರ್ಧೆ ದಿನ ಬರುವುದು ಅದೇ. ಗೆದ್ದ ಬಗೆಯ ಅದೇ ಲಾಟ್ ಎಷ್ಟು ಸಿಗುತ್ತದೋ, ನಿಮ್ಮ ಮಿತಿ ಎಷ್ಟಿದೆಯೋ, ಅಷ್ಟು ತಗೊಂಡುಬಿಡಿ.

ನೂರು ಮೀಟರ್ ದಾಟಬೇಕು ಅನ್ನುವವರಿಗೆ

.315 ನಮ್ಮ ನಾಡಿನಲ್ಲಿ ಹೇಗೆ ಬಂತು ಅನ್ನುವುದೇ ಒಂದು ಕತೆ. ತ್ರೀ ನಾಟ್ ತ್ರೀ ತೋಟಾ ಸಿಪಾಯಿಗಳ ಕೈಯಿಂದ ಊರಿಗೆ, ಊರಿಂದ ಬಂಡಾಯಗಾರರಿಗೆ ಹೋಗಬಾರದು ಅಂತ ಬ್ರಿಟಿಷರು ಆ ಬೋರನ್ನು ಜನರಿಗೆ ನಿಲ್ಲಿಸಿದರು. ಅದರ ಜಾಗಕ್ಕೆ ಆಸ್ಟ್ರಿಯಾದ 8 ಮಿಲಿಮೀಟರ್ ಮನ್ಲಿಕರ್ ತೋಟಾ ಬಂತು, ಅದೇ .315. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಆ ಬೋರನ್ನು ಬಿಡಲಿಲ್ಲ. ರಿಮ್ ಇದೆ, ತೋಟಾ ಸಿಗುತ್ತದೆ, ಕಾನೂನು ತೊಡಕಿಲ್ಲ. ಇಷ್ಟೆಲ್ಲ ಸರಿ. ಆದರೆ ಅದಕ್ಕೆ ಸಿಗುವುದು ಮೆದು ಮೂತಿಯ ಬೇಟೆ ಕಾಲದ ಭಾರೀ ಗುಂಡು. ಗುರಿಗೆಂದು ಮಾಡಿದ ತೋಟಾ ಇಲ್ಲ, ಆರಿಸಲು ನಾಲ್ಕು ಬಗೆಯೂ ಇಲ್ಲ. ಭುಜಕ್ಕೆ ಒದೆತ ಬೇರೆ. ನೂರು ಮೀಟರ್‌ನಲ್ಲಿ ಕಾಯಿ ಹೊಡೆಯುತ್ತೀರಿ, ಉಗುರು ಹೊಡೆಯುವುದಿಲ್ಲ.

.30-06 ಇನ್ನೂ ನಿಖರ, ಇನ್ನೂ ದುಬಾರಿ, ಇನ್ನೂ ಒದೆತ. ಹತ್ತು ಗುಂಡಾದ ಮೇಲೆ ಟ್ರಿಗರ್ ಎಳೆಯುವಾಗ ಕಣ್ಣು ತಾನೇ ಮುಚ್ಚಲು ಶುರುವಾಗುತ್ತದೆ. ಆ ಚಾಳಿ ಒಮ್ಮೆ ಹತ್ತಿದರೆ .22ಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಕಾಡುತ್ತದೆ.

ಹೊರದೇಶದ ಹೆಸರುಗಳನ್ನೂ ಹೇಳಿಬಿಡುತ್ತೇನೆ, ಕುತೂಹಲ ಇರುತ್ತದಲ್ಲ. 1950ರಲ್ಲಿ ಬಂದ .222 ರೆಮಿಂಗ್ಟನ್ ಬೆಂಚಿನ ಮೇಲಿಟ್ಟು ಹೊಡೆಯುವ ಸ್ಪರ್ಧೆಗಳನ್ನು ವರ್ಷಗಟ್ಟಲೆ ಆಳಿತು. 1975ರ ಹೊತ್ತಿಗೆ 6ಎಂಎಂ ಪಿಪಿಸಿ ಬಂದು ಅದನ್ನು ಇಳಿಸಿತು. ಗಿಡ್ಡ, ದಪ್ಪ ಕೇಸು, ಮದ್ದು ಸಮನಾಗಿ ಉರಿಯುತ್ತದೆ ಅನ್ನುವುದು ಅದರ ಗುಟ್ಟು. 2007ರ 6.5 ಕ್ರೀಡ್‌ಮೋರ್ ದೂರದ ಗುರಿಗೆ ಹೆಸರಾಯಿತು. ಆದರೆ ಇಂಥ ಬಿಸಿ ಬೋರುಗಳಲ್ಲಿ ನಳಿಗೆ ಎರಡು ಮೂರು ಸಾವಿರ ಗುಂಡಿಗೇ ತನ್ನ ಹರಿತ ಕಳೆದುಕೊಳ್ಳುತ್ತದೆ. ತೋಟಾ ಹುಡುಕುವುದರ ಮೇಲೆ ನಳಿಗೆಯನ್ನೂ ಹುಡುಕಬೇಕು. ನಮಗಲ್ಲ.

ದೂರದ ಆಸೆ ನಿಜವಾಗಿದ್ದರೆ ಬೋರು ಬದಲಿಸಬೇಡಿ, ಗುರಿ ಚಿಕ್ಕದು ಮಾಡಿ. .22ನಲ್ಲೇ 100 ಮೀಟರ್‌ಗೆ ಹೊಡೆಯಿರಿ. ಗಾಳಿ ಓದುವುದು ಅಂದರೇನು ಅಂತ ಅದು ಒಂದೇ ಬೆಳಗ್ಗೆಯಲ್ಲಿ ಕಲಿಸುತ್ತದೆ.

ಇನ್ನು ಕೆಲವರಿಗೆ ಬೋರೇ ಬೇಡ. ಮನೆ ಅಂಗಳದಲ್ಲಿ 10 ಮೀಟರ್ ಇದ್ದರೆ .177 ಏರ್ ರೈಫಲ್ ಸಾಕು. 20 ಜೌಲ್ ಶಕ್ತಿಗಿಂತ ಒಳಗಿನದಕ್ಕೆ ಲೈಸೆನ್ಸ್ ಬೇಡ. ಅದೂ ಸಿಂಗಲ್ ಶಾಟೇ, ಅದೂ ಒಲಿಂಪಿಕ್ ಆಟವೇ. ಮಳೆಗಾಲ ಪೂರ್ತಿ ಜಗಲಿಯಲ್ಲೇ ಅಭ್ಯಾಸ ಆಗುತ್ತದೆ. ಅಲ್ಲಿಗೂ ಹಿಂದೆ ತಡೆ ಬೇಕು ಅನ್ನುವುದನ್ನು ಮರೆಯಬೇಡಿ.

ಅಟ್ಟದ ಮೇಲಿನ ಹಳೇ ರೈಫಲ್

ಅಜ್ಜನ ಕಾಲದ ಸಿಂಗಲ್ ಶಾಟ್ ಸಿಕ್ಕಿದೆ ಅನ್ನುವವರು ಬೋರಿನ ಹೆಸರನ್ನು ಊಹೆ ಮಾಡಬೇಡಿ. ಕೊರೆದ ಅಕ್ಷರ ಸವೆದಿರುತ್ತದೆ, ಯಾರೋ ನಡುವೆ ನಳಿಗೆ ಬದಲಿಸಿಯೂ ಇರಬಹುದು. 'ಈ ತೋಟಾ ಒಳಗೆ ಹೋಗುತ್ತಲ್ಲ' ಅನ್ನುವುದು ಪುರಾವೆ ಅಲ್ಲ. ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರ ಚೇಂಬರಿನ ಅಚ್ಚು ತೆಗೆಸಿ ಅಳೆಸಿ. ತೋಟಾ ಹಾಕಿ ಕೋವಿಯ ಬಾಗಿಲು ಮುಚ್ಚಿದಾಗ ಎಷ್ಟು ಸಂದು ಉಳಿಯುತ್ತದೆ ಅಂತಲೂ ನೋಡಿಸಿ. ದಾಖಲೆಯಲ್ಲಿ ಆ ಕೋವಿ ಇದೆಯಾ ಅನ್ನುವುದನ್ನು ಅದಕ್ಕೂ ಮೊದಲು ನೋಡಿ.

ಮಳೆ

ಭಾಗಮಂಡಲದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲಕ್ಕೂ ಬೂಷ್ಟು, ಸೀಸದ ಗುಂಡಿಗೂ ಬಿಳಿ ಪುಡಿ. ಬೋರು ಎಷ್ಟೇ ಒಳ್ಳೇದಿರಲಿ, ಹಾಳಾದ ತೋಟಾದಲ್ಲಿ ಗುರಿ ಇಲ್ಲ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಬೀಗ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿಗೆ ಮೇಣ ಕರಗುತ್ತದೆ. ಕೋವಿಯನ್ನು ಬಟ್ಟೆ ಕವರಿನಲ್ಲಿ ಸುತ್ತಿ ಇಡುವುದೂ ತಪ್ಪು. ಬಟ್ಟೆ ತೇವ ಹೀರಿ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಎಣ್ಣೆಯ ತೆಳು ಪದರ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಹೊಡೆಯುವ ಮೊದಲು ನಳಿಗೆಯ ಎಣ್ಣೆ ಒರೆಸುವುದನ್ನು ಮರೆತರೆ ಮೊದಲ ಗುಂಡು ಎಲ್ಲೋ ಹೋಗುತ್ತದೆ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ. ಲಾಟ್ ನಂಬರ್, ತಂದ ದಿನ, ಪರೀಕ್ಷೆಯಲ್ಲಿ ಬಂದ ಸರಾಸರಿ, ಎಷ್ಟು ಉಳಿದಿದೆ. ನನ್ನ ಡಬ್ಬಿಯಲ್ಲಿ ಈಗ ಎರಡು ಬಾಕ್ಸ್ ಬೇರೆ ಕಟ್ಟಿಟ್ಟಿದ್ದೇನೆ, ಮೇಲೆ ಕೆಂಪು ಪೆನ್ನಿನಲ್ಲಿ 'ಕೈಲ್ ಪೊಳ್ದ್‌ಗೆ, ಮುಟ್ಟಬೇಡಿ' ಅಂತ ಬರೆದಿದೆ. ಮಗ ಆಗಲೇ ಅದರಲ್ಲಿ ಆರು ತೆಗೆದಿದ್ದಾನೆ.